ಸ್ಪೀಕರ್ ಬೇಡ, ಮಕ್ಕಳ ನೋಟ್‌ಬುಕ್ ತನ್ನಿ: ಶಿಕ್ಷಕರ ಜಂಟಿ ಕಲಿಕಾ ದಿನದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಲ ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಒಂದೇ ಆಡಳಿತದ ಅಥವಾ ಅಕ್ಕಪಕ್ಕದ ಕೆಲವು ಶಾಲೆಗಳು ಸೇರ್ಕೊಂಡು ವರ್ಷದಲ್ಲಿ ಒಂದಷ್ಟು ದಿನ ಟೀಚರ್‌ಗಳನ್ನೆಲ್ಲ ಒಟ್ಟಿಗೆ ಕೂರಿಸಿ ಕಲಿಯೋ ಪದ್ಧತಿ ಇದೆಯಲ್ಲ, ಅದು ತುಂಬಾ ಕಡೆ ಭಾಷಣ ಕೇಳೋ ದಿನ ಆಗ್ಬಿಟ್ಟಿದೆ, ಅದರ ಬದಲು ಟೀಚರ್‌ಗಳು ಮಕ್ಕಳ ಪೇಪರ್ ಮುಂದಿಟ್ಕೊಂಡು ಮಾತಾಡಲಿ, ಅದಕ್ಕೆ ಒಂದು ದಿನ ಸಾಲದು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ಬೈದು ಬರೆದೋರೂ ಇದ್ದಾರೆ, ಅವರದ್ದನ್ನೂ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಮೇಡಂ, ನಮ್ಮ ಮ್ಯಾನೇಜ್‌ಮೆಂಟ್‌ಗೆ ಆರು ಶಾಲೆ. ಎಲ್ಲಾ ಟೀಚರ್ಸ್‌ನ ಒಂದು ದಿನ ಒಂದೇ ಕಡೆ ಸೇರಿಸ್ಬೇಕು ಅಂತ ತೀರ್ಮಾನ ಆಗಿದೆ, ಇನ್ನೂರರ ಹತ್ತಿರ ಜನ ಆಗ್ತಾರೆ. ಹಾಲ್ ರೆಡಿ, ಮೈಕ್ ರೆಡಿ. ಎಲ್ಲರಿಗೂ ಸ್ಫೂರ್ತಿ ಬರೋ ಹಾಗೆ ಮಾತಾಡೋ ಒಬ್ಬ ಒಳ್ಳೆ ಸ್ಪೀಕರ್ ಹೆಸರು ಹೇಳ್ತೀರಾ?
– ಒಬ್ಬ ಸಂಯೋಜಕರು

ಹೆಸರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಒಂದನೇ ಕ್ಲಾಸಿಗೆ ಅಕ್ಷರ ಕಲಿಸೋರು, ಹತ್ತನೇ ಕ್ಲಾಸಿಗೆ ಫಿಸಿಕ್ಸ್ ಮಾಡೋರು, ಪಿಟಿ ಮೇಷ್ಟ್ರು, ಡ್ರಾಯಿಂಗ್ ಟೀಚರ್, ಇಷ್ಟೂ ಜನಕ್ಕೆ ಒಟ್ಟಿಗೆ ಹೊಂದೋ ಮಾತು ಅಂದ್ರೆ ಏನು ಉಳಿಯುತ್ತೆ ಹೇಳಿ? ಶಿಕ್ಷಕ ವೃತ್ತಿ ಎಷ್ಟು ಪವಿತ್ರ, ಮಕ್ಕಳನ್ನ ಪ್ರೀತಿಸಿ, ನಗ್ತಾ ಪಾಠ ಮಾಡಿ, ಇಷ್ಟೇ. ಕೇಳೋವಾಗ ಚೆನ್ನಾಗಿರುತ್ತೆ, ಕೆಲವರ ಕಣ್ಣಲ್ಲಿ ನೀರೂ ಬರುತ್ತೆ, ಸೋಮವಾರ ಬೆಳಿಗ್ಗೆ ಫಸ್ಟ್ ಪೀರಿಯಡ್‌ಗೆ ಭಿನ್ನರಾಶಿ ಹೇಗೆ ಶುರು ಮಾಡ್ಲಿ ಅನ್ನೋದಕ್ಕೆ ಅದರಲ್ಲಿ ಉತ್ತರ ಇರಲ್ಲ.

ನಿಮ್ಮ ಹತ್ರ ಸ್ಪೀಕರ್‌ಗಿಂತ ದೊಡ್ಡ ಆಸ್ತಿ ಇದೆ, ಅದನ್ನ ಯಾಕೋ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಒಂದು ಶಾಲೆಯಲ್ಲಿ ಆರು-ಏಳನೇ ಕ್ಲಾಸಿಗೆ ಗಣಿತ ಹೇಳೋರು ಒಬ್ಬರು, ಜಾಸ್ತಿ ಅಂದ್ರೆ ಇಬ್ಬರು ಇರ್ತಾರೆ. ಅವರು ಅದೇ ಪಾಠದಲ್ಲಿ ಒದ್ದಾಡ್ತಿರೋದನ್ನ ಅರ್ಥ ಮಾಡ್ಕೊಳ್ಳೋರು ಆ ಸ್ಟಾಫ್‌ರೂಮಲ್ಲಿ ಯಾರೂ ಇರಲ್ಲ. ಆರು ಶಾಲೆ ಸೇರಿದ್ರೆ ಎಂಟು-ಹತ್ತು ಜನ ಆಗ್ತಾರೆ, ಎಲ್ಲರೂ ಅದೇ ಪಾಠ, ಅದೇ ವಯಸ್ಸಿನ ಮಕ್ಕಳು, ಬೇರೆ ಬೇರೆ ಉಪಾಯ. ಇಂಥ ಗುಂಪು ಒಂದೇ ಶಾಲೆಯೊಳಗೆ ಹುಟ್ಟೋಕೆ ಸಾಧ್ಯವೇ ಇಲ್ಲ. ಹಾಗಾಗಿ ಹಾಲ್‌ನಲ್ಲಿ ಸ್ವಾಗತ ಹದಿನೈದು ನಿಮಿಷಕ್ಕೆ ಮುಗಿಸಿ, ಆಮೇಲೆ ಎಲ್ಲರನ್ನೂ ವಿಷಯ, ತರಗತಿ ನೋಡ್ಕೊಂಡು ಎಂಟು-ಹತ್ತು ಜನರ ಗುಂಪು ಮಾಡಿ ಬೇರೆ ಬೇರೆ ರೂಮಿಗೆ ಕಳಿಸಿ. ಹೂಗುಚ್ಛ, ಗಣ್ಯರ ಪರಿಚಯ, ವಂದನಾರ್ಪಣೆ ಇವೆಲ್ಲ ಎಷ್ಟು ಹೊತ್ತು ನುಂಗುತ್ತೆ ಅಂತ ನಿಮಗೇ ಗೊತ್ತು.

ರೂಮಿಗೆ ಕಳಿಸಿ "ಚರ್ಚೆ ಮಾಡಿ" ಅಂದ್ರೆ ಮಾತ್ರ ಏನೂ ಆಗಲ್ಲ. ಅಮೆರಿಕದಲ್ಲಿ ಜೂಡಿತ್ ವಾರೆನ್ ಲಿಟಲ್ ಅಂತ ಒಬ್ಬ ಸಂಶೋಧಕಿ 1990ರಲ್ಲಿ ಬರೆದ ಲೇಖನದಲ್ಲಿ ಟೀಚರ್‌ಗಳ ಒಡನಾಟವನ್ನ ನಾಲ್ಕು ಬಗೆ ಮಾಡಿದ್ರು: ಕಷ್ಟಸುಖ ಹೇಳ್ಕೊಳ್ಳೋದು, ಕೇಳಿದ್ರೆ ಸಹಾಯ ಮಾಡೋದು, ನೋಟ್ಸು ಪ್ರಶ್ನೆಪತ್ರಿಕೆ ಹಂಚ್ಕೊಳ್ಳೋದು, ಕೊನೇದು ಜವಾಬ್ದಾರಿ ಹೊತ್ತು ಜೊತೆಗೆ ಕೆಲಸ ಮಾಡೋದು. ಮೊದಲ ಮೂರು ಸಲೀಸು, ಯಾರೂ ಏನೂ ಬದಲಾಗ್ಬೇಕಿಲ್ಲ. ನಾಲ್ಕನೇದಕ್ಕೆ ಹೋಗ್ಬೇಕು ಅಂದ್ರೆ ಮೊದಲೇ ತಯಾರಿ ಬೇಕು. ಎರಡು-ಮೂರು ವಾರ ಮುಂಚೆ ಪ್ರತಿ ಗುಂಪಿಗೂ ಒಂದು ಚಿಕ್ಕ ಪ್ರಶ್ನೆ ಕೊಡಿ, ಆರೂ ಶಾಲೆಯಲ್ಲಿ ಮಕ್ಕಳ ಹತ್ರ ಅದನ್ನೇ ಮಾಡಿಸಿ, ಆ ನೋಟ್‌ಬುಕ್ಕೋ ಉತ್ತರ ಪತ್ರಿಕೆನೋ ಹಿಡ್ಕೊಂಡು ಬರ್ಬೇಕು ಅಂತ ಹೇಳಿ. ಗುಂಪು ನಡೆಸೋಕೆ ಹೊರಗಿನೋರು ಬೇಡ, ಟೀಚರ್‌ಗಳಲ್ಲೇ ಒಬ್ಬರನ್ನ ಆರಿಸಿ, ಆ ನಡೆಸೋರೆಲ್ಲ ಒಂದು ಸಂಜೆ ಮುಂಚೆನೇ ಸೇರಿ ಹೇಗೆ ನಡೆಸೋದು ಅಂತ ಮಾತಾಡ್ಕೊಳ್ಳಲಿ. ಸ್ಪೀಕರ್‌ಗೆ ಇಟ್ಟಿದ್ದ ದುಡ್ಡನ್ನ ಜೆರಾಕ್ಸ್‌ಗೂ ಮುಂದೆ ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಬರೋ ಬಸ್ ಚಾರ್ಜಿಗೂ ಇಟ್ಕೊಳ್ಳಿ.

ಇನ್ನೊಂದು, ಎಚ್‌ಎಂಗಳು, ಅಂದ್ರೆ ಮುಖ್ಯೋಪಾಧ್ಯಾಯರು, ಗುಂಪಿನ ಬಾಗಿಲಲ್ಲಿ ನಿಂತು ಇಣುಕೋದು ಬೇಡ. ಕೂತ್ಕೊಳ್ಳೋದಾದ್ರೆ ತಾವೂ ಒಂದು ಪತ್ರಿಕೆ ಹಿಡ್ಕೊಂಡು ಕೂರಲಿ.

ಮಕ್ಕಳ ಪೇಪರ್ ನೋಡಿ ಅಂತೀರಿ. ವರ್ಷವಿಡೀ ಕರೆಕ್ಷನ್ ಮಾಡಿ ಮಾಡಿ ಕಣ್ಣು ಹೋಗಿದೆ ನಮ್ದು. ಅದನ್ನೇ ಹತ್ತು ಜನ ಕೂತು ಮತ್ತೆ ನೋಡಿದ್ರೆ ಏನು ಹೊಸದು ಕಾಣುತ್ತೆ?
– ಗಣಿತ ಶಿಕ್ಷಕ

ಕರೆಕ್ಷನ್‌ನಲ್ಲಿ ನಾವು ನೋಡೋದು ಸರಿನಾ ತಪ್ಪಾ, ಎಷ್ಟು ಮಾರ್ಕ್ಸು ಅಂತ. ಮಗು ಯಾವ ದಾರಿಯಲ್ಲಿ ಬಂದು ಆ ತಪ್ಪಿಗೆ ಸೇರ್ತು ಅಂತ ನೋಡೋಕೆ ನಲವತ್ತು ಪೇಪರ್ ಮುಂದೆ ಇರೋವಾಗ ಯಾರಿಗೂ ಪುರುಸೊತ್ತಿರಲ್ಲ, ತಪ್ಪೇನಿಲ್ಲ.

52ರಿಂದ 27 ಕಳೆದ್ರೆ 35 ಅಂತ ಬರೆಯೋ ಮಕ್ಕಳು ಪ್ರತಿ ಶಾಲೆಯಲ್ಲೂ ಸಿಗ್ತಾರೆ. ಕೆಂಪು ಪೆನ್ನಲ್ಲಿ ಇಂಟು ಹಾಕಿ, "ಗಮನ ಇಟ್ಟು ಮಾಡು" ಅಂತ ಬರೀತೀವಿ. ಆ ಮಗು ಗಮನ ಇಟ್ಟೇ ಮಾಡಿದೆ! ಬಿಡಿ ಸ್ಥಾನದಲ್ಲಿ 2 ಮತ್ತೆ 7 ಕಂಡ್ವು, ಚಿಕ್ಕದನ್ನ ದೊಡ್ಡದರಿಂದ ಕಳೀಬೇಕು ಅಂತ ಹಿಂದಿನ ವರ್ಷ ಹೇಳ್ಕೊಟ್ಟಿದ್ರು, 7ರಲ್ಲಿ 2 ಹೋದ್ರೆ 5, ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋದ್ರೆ 3. ಅದರ ನಿಯಮ ಅದಕ್ಕೆ ಪಕ್ಕಾ. ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಅನ್ನೋ ಇಬ್ಬರು 1978ರಲ್ಲಿ ಇದನ್ನೇ ಬಿಡಿಸಿ ತೋರಿಸಿದ್ರು, ಲೆಕ್ಕದಲ್ಲಿ ಮಕ್ಕಳು ಮಾಡೋ ಎಷ್ಟೋ ತಪ್ಪುಗಳು ಅಡ್ಡಾದಿಡ್ಡಿ ಅಲ್ಲ, ಒಳಗೊಂದು ತಪ್ಪು ನಿಯಮ ಕೂತಿರುತ್ತೆ, ಮಗು ಅದನ್ನ ಪ್ರಾಮಾಣಿಕವಾಗಿ ಪಾಲಿಸ್ತಿರುತ್ತೆ ಅಂತ. ಕಂಪ್ಯೂಟರ್ ಪ್ರೋಗ್ರಾಮಲ್ಲಿ ಬಗ್ ಅಂತೀವಲ್ಲ, ಅದೇ ಹೆಸರನ್ನೇ ಕೊಟ್ರು.

ಈಗ ಹತ್ತು ಜನ ಕೂತಾಗ ಏನಾಗುತ್ತೆ ನೋಡಿ. ದಶಮಾಂಶ ತಗೊಳ್ಳೋಣ. 0.6 ದೊಡ್ಡದಾ 0.45 ದೊಡ್ಡದಾ ಅಂತ ಕೇಳ್ತೀರಿ. ಒಂದಷ್ಟು ಮಕ್ಕಳು 0.45 ಅಂತಾರೆ, ಯಾಕಂದ್ರೆ 45 ಅನ್ನೋದು 6ಕ್ಕಿಂತ ದೊಡ್ಡದಲ್ವಾ. ಸರಿ, ಇವರಿಗೆ ಅರ್ಥ ಆಗಿಲ್ಲ ಅಂತ ಗುರುತು ಹಾಕ್ಕೊಂಡ್ರಿ, ಮಿಕ್ಕೋರಿಗೆಲ್ಲ ಬಂದಿದೆ ಅಂತ ಮುಂದೆ ಹೋದ್ರಿ. ಆಗ ಇನ್ನೊಂದು ಶಾಲೆಯ ಟೀಚರ್ ಹೇಳ್ತಾರೆ, ಇಲ್ಲ ಮೇಡಂ, ನಮ್ಮಲ್ಲಿ 0.3 ಮತ್ತೆ 0.47 ಕೊಟ್ಟೆ, ಮೊದಲನೇದನ್ನ ಸರಿ ಮಾಡಿದ್ದ ಹುಡುಗೀನೇ ಇಲ್ಲಿ 0.3 ದೊಡ್ಡದು ಅಂದ್ಳು ಅಂತ. ಯಾಕೆ ಅಂದ್ರೆ ಅವಳ ತಲೆಯಲ್ಲಿ ಬೇರೆ ನಿಯಮ: ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು, ಹಾಗಾಗಿ ಚುಕ್ಕಿ ಆದ್ಮೇಲೆ ಅಂಕಿ ಕಮ್ಮಿ ಇದ್ರೆ ಅದೇ ದೊಡ್ಡದು. ನಿಮ್ಮ ಒಂದೇ ಪ್ರಶ್ನೆ ಅವಳನ್ನ ಪಾಸ್ ಮಾಡಿಸಿ ಕಳಿಸ್ಬಿಟ್ಟಿತ್ತು. ಎರಡೂ ಜೋಡಿ ಕೇಳಿದ್ರೆ ಮಾತ್ರ ಎರಡೂ ಥರದ ಮಕ್ಕಳು ಸಿಗ್ತಾರೆ, ಮತ್ತೆ ಇಬ್ಬರಿಗೂ ಹೇಳ್ಬೇಕಾದ ಮಾತು ಬೇರೆ ಬೇರೆ. ಮೊದಲನೆಯವರಿಗೆ 0.6 ಅಂದ್ರೆ 0.60 ಅಂತ ನೂರರ ಚೌಕದಲ್ಲಿ ಬಣ್ಣ ಹಾಕಿಸಿ ತೋರಿಸ್ಬೇಕು, ಎರಡನೆಯವರಿಗೆ ಭಾಗದ ಗಾತ್ರ ಒಂದೇ ಸಾಲದು, ಅಂಥ ಭಾಗ ಎಷ್ಟಿವೆ ಅನ್ನೋದೂ ಬೇಕು ಅಂತ ಕಾಣಿಸ್ಬೇಕು.

ಒಬ್ಬರೇ ಕೂತು ಇದನ್ನ ಕಂಡುಹಿಡಿಯೋಕೆ ವರ್ಷಗಳೇ ಬೇಕಾಗಬಹುದು, ಗುಂಪಲ್ಲಿ ಒಂದು ಬೆಳಿಗ್ಗೆಗೆ ಸಿಗುತ್ತೆ. ಹಾಗಂತ ನೂರು ಪೇಪರ್ ಹರಡ್ಕೊಂಡು ಕೂರ್ಬೇಡಿ. ಪ್ರತಿಯೊಬ್ಬರೂ ಮೂರು ತರಲಿ, ಚೆನ್ನಾಗಿ ಮಾಡಿರೋದೊಂದು, ತಪ್ಪಿರೋದೊಂದು, ಮಗು ಏನು ಯೋಚನೆ ಮಾಡ್ತು ಅಂತ ನಿಮಗೇ ತಿಳೀದೇ ಇರೋದೊಂದು. ಮೂರನೇದೇ ಮಜಾ ಇರೋದು. ಮಕ್ಕಳ ಹೆಸರು ಮುಚ್ಚಿ ತನ್ನಿ.

ಗಣಿತಕ್ಕೆ ಸರಿ. ನಾವು ಭಾಷೆ ಟೀಚರ್ಸು, ಪ್ರಬಂಧದಲ್ಲಿ ಸರಿ ತಪ್ಪು ಅಂತ ಎಲ್ಲಿರುತ್ತೆ?

ಅದಕ್ಕೇ ನಿಮಗೆ ಇನ್ನೂ ಜಾಸ್ತಿ ಬೇಕು ಇದು. ಒಂದೇ ಪ್ರಬಂಧದ ಜೆರಾಕ್ಸ್ ಆರು ಜನಕ್ಕೆ ಕೊಟ್ಟು, ಪಕ್ಕದೋರದ್ದು ನೋಡ್ದೆ ಹತ್ತಕ್ಕೆ ಎಷ್ಟು ಅಂತ ಹಾಕ್ಸಿ ನೋಡಿ, ಐದರಿಂದ ಎಂಟೂವರೆ ತನಕ ಬಂದ್ರೂ ಆಶ್ಚರ್ಯ ಪಡ್ಬೇಡಿ. ಒಬ್ಬರಿಗೆ ಕಾಗುಣಿತ ಮುಖ್ಯ, ಒಬ್ಬರಿಗೆ ವಿಚಾರ, ಇನ್ನೊಬ್ಬರಿಗೆ ಅಕ್ಷರ ದುಂಡಗಿದ್ರೆ ಸಾಕು. ಯಾರು ಸರಿ ಅಂತ ಜಗಳ ಆಡೋದಕ್ಕಿಂತ ಬೇರೆ ಉಪಾಯ ಇದೆ. ಎರಡು ಪ್ರಬಂಧ ಅಕ್ಕಪಕ್ಕ ಇಟ್ಟು ಇದರಲ್ಲಿ ಯಾವುದು ಉತ್ತಮ ಅಂತಷ್ಟೇ ಕೇಳಿ. ಮಾರ್ಕ್ಸ್ ಹಾಕೋದಕ್ಕಿಂತ ಎರಡರಲ್ಲಿ ಒಂದನ್ನ ಆರಿಸೋದು ನಮಗೆಲ್ಲ ಸುಲಭ. ಇದರ ಹಿಂದಿನ ತತ್ವ ಮನಶ್ಶಾಸ್ತ್ರಜ್ಞ ಥರ್ಸ್ಟನ್ 1927ರಲ್ಲೇ ಬರೆದಿಟ್ಟಿದ್ದು, ಈಗ ಕೆಲವು ದೇಶಗಳಲ್ಲಿ ಶಾಲೆಗಳ ಗುಂಪುಗಳು ಮಕ್ಕಳ ಬರವಣಿಗೆ ಹೋಲಿಸೋಕೆ ಅದನ್ನ ಬಳಸ್ತಿವೆ. ಆರಿಸಿದ ಮೇಲೆ "ಯಾಕೆ ಇದು?" ಅಂತ ಕೇಳ್ತಾ ಹೋಗಿ, ಒಳ್ಳೆ ಬರವಣಿಗೆ ಅಂದ್ರೆ ಏನು ಅಂತ ನಿಮ್ಮ ಗುಂಪಿನದ್ದೇ ಒಂದು ತಿಳುವಳಿಕೆ ನಿಧಾನಕ್ಕೆ ಹೊರಗೆ ಬರುತ್ತೆ, ಅದನ್ನ ಮಕ್ಕಳಿಗೂ ಹೇಳಬಹುದು.

ಮೇಡಂ ನಾನು ಸೇರಿ ಎರಡು ವರ್ಷ ಆಯ್ತು. ಮುಂದಿನ ಜಂಟಿ ದಿನದಲ್ಲಿ ಬೇರೆ ಶಾಲೆಯ ಏಳೆಂಟು ಸೀನಿಯರ್ಸ್ ನನ್ನ ಕ್ಲಾಸಲ್ಲಿ ಹಿಂದೆ ಕೂತು ಪಾಠ ನೋಡ್ತಾರಂತೆ. ಈಗಿಂದಲೇ ನಿದ್ದೆ ಬರ್ತಿಲ್ಲ. ತಪ್ಪಿಸ್ಕೊಳ್ಳೋಕೆ ಏನಾದ್ರೂ ದಾರಿ ಇದ್ರೆ ಹೇಳಿ ಪ್ಲೀಸ್.
– ಕಿರಿಯ ಶಿಕ್ಷಕಿ

ನಿಮ್ಮ ಭಯಕ್ಕೆ ಕಾರಣ ಇದೆಯಮ್ಮ. ನಮ್ಮ ವೃತ್ತಿಯಲ್ಲಿ ಇನ್ನೊಬ್ಬರು ಕ್ಲಾಸಿಗೆ ಬರೋದು ಅಂದ್ರೆ ಒಂದೋ ಇನ್ಸ್‌ಪೆಕ್ಷನ್, ಇಲ್ಲಾ ಕಂಪ್ಲೇಂಟ್. ಬೇರೆ ಯಾವ ಕಾರಣಕ್ಕೂ ಯಾರೂ ಬಂದು ಅಭ್ಯಾಸವೇ ಇಲ್ಲ. ಡ್ಯಾನ್ ಲಾರ್ಟಿ ಅನ್ನೋ ಸಮಾಜಶಾಸ್ತ್ರಜ್ಞ 1975ರಲ್ಲೇ ಟೀಚರ್‌ಗಳ ಈ ಒಂಟಿತನದ ಬಗ್ಗೆ ಬರೆದಿದ್ರು, ಒಬ್ಬೊಬ್ಬರೂ ಅವರವರ ರೂಮಲ್ಲಿ, ಬಾಗಿಲು ಮುಚ್ಕೊಂಡು, ನಿವೃತ್ತಿ ತನಕ.

ಆದ್ರೆ ಪಾಠ ನೋಡೋದನ್ನ ಬೇರೆ ಥರ ಮಾಡೋ ಪದ್ಧತಿ ಒಂದಿದೆ. ಜಪಾನಿನಲ್ಲಿ ಅದಕ್ಕೆ ಜುಗ್ಯೋ ಕೆಂಕ್ಯೂ ಅಂತಾರೆ, ಬೇರುಗಳು ಹತ್ತೊಂಬತ್ತನೇ ಶತಮಾನದಷ್ಟು ಹಳೇವು, ಹೊರಗಿನವರಿಗೆ ಅದರ ಬಗ್ಗೆ ಜಾಸ್ತಿ ಗೊತ್ತಾಗಿದ್ದು 1999ರ ಆಮೇಲೆ, ಜೇಮ್ಸ್ ಸ್ಟಿಗ್ಲರ್ ಮತ್ತೆ ಜೇಮ್ಸ್ ಹೀಬರ್ಟ್ ಬೇರೆ ಬೇರೆ ದೇಶದ ಗಣಿತ ಕ್ಲಾಸುಗಳ ವಿಡಿಯೋ ಹೋಲಿಸಿ ಬರೆದ ಮೇಲೆ. ಅಲ್ಲಿ ಪಾಠವನ್ನ ಗುಂಪೇ ಸೇರಿ ವಾರಗಟ್ಟಲೆ ಕೂತು ತಯಾರು ಮಾಡುತ್ತೆ, ಯಾವ ಪ್ರಶ್ನೆಯಿಂದ ಶುರು, ಮಕ್ಕಳು ಏನೇನು ಉತ್ತರ ಕೊಡಬಹುದು, ಬೋರ್ಡ್ ಮೇಲೆ ಯಾವುದು ಎಲ್ಲಿ ಬರೀಬೇಕು, ಅಷ್ಟೂ. ಆಮೇಲೆ ಒಬ್ಬರು ಮಾಡ್ತಾರೆ, ಉಳಿದವರು ನೋಡ್ತಾರೆ. ನೋಡೋರು ಟೀಚರ್ ಮುಖ ನೋಡ್ಕೊಂಡು ಹಿಂದಿನ ಬೆಂಚಲ್ಲಿ ಕೂರಲ್ಲ, ಒಬ್ಬೊಬ್ಬರು ಎರಡು ಮೂರು ಮಕ್ಕಳ ಹತ್ರ ನಿಂತು ಆ ಮಕ್ಕಳು ಏನು ಬರೆದ್ರು, ಎಲ್ಲಿ ತಡವರಿಸಿದ್ರು ಅಂತ ಬರ್ಕೋತಾರೆ, ಮಗುವಿಗೆ ಹೇಳ್ಕೊಡೋದೂ ಇಲ್ಲ. ಕೊನೆಗೆ ಮಾತಾಡೋವಾಗ ಪಾಠ ಮಾಡಿದವರಿಗೇ ಮೊದಲ ಅವಕಾಶ. ಪಾಠ ಎಡವಿದ್ರೆ ಎಡವಿದ್ದು ಗುಂಪಿನ ಪ್ಲಾನು.

ನಿಮ್ಮ ಸಂಯೋಜಕರಿಗೆ ಹೋಗಿ ಮೂರು ವಿಷಯ ಕೇಳಿ. ಪಾಠವನ್ನ ನಾನೊಬ್ಬಳೇ ಮಾಡ್ಬೇಕಾ, ಇಲ್ಲ ಗುಂಪು ಸೇರಿ ಪ್ಲಾನ್ ಮಾಡುತ್ತಾ? ನೋಡೋರು ಬರೆಯೋದು ನನ್ನ ಬಗ್ಗೆನಾ, ಮಕ್ಕಳ ಬಗ್ಗೆನಾ? ಆ ಕಾಗದ ನನ್ನ ಸರ್ವಿಸ್ ಫೈಲಿಗೆ ಹೋಗುತ್ತಾ? ಮೂರನೇದಕ್ಕೆ "ಹೌದು" ಅಂದ್ರೆ ಅದನ್ನ ಕಲಿಕಾ ದಿನ ಅಂತ ಕರೀಬಾರದು, ತಪಾಸಣೆ ಅಂತಲೇ ಕರೀಬೇಕು, ಆಗ ನೀವು ಹೆದರೋದರಲ್ಲಿ ಅರ್ಥ ಇದೆ. ಮತ್ತೆ ಒಂದು ಸಲಹೆ ಸಂಯೋಜಕರಿಗೇ: ಮೊದಲ ಪಾಠ ಕೆಲಸಕ್ಕೆ ಸೇರಿ ಎರಡೇ ವರ್ಷ ಆದ ಹುಡುಗಿ ಕೈಲಿ ಯಾಕೆ ಮಾಡಿಸ್ತೀರಿ? ಇಪ್ಪತ್ತು ವರ್ಷ ಆದವರು ಮೊದಲು ನಿಲ್ಲಲಿ.

ಚರ್ಚೆಯಲ್ಲಿ "ತುಂಬಾ ಚೆನ್ನಾಗಿತ್ತು", "ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಅನ್ನೋ ಮಾತುಗಳಿಗೆ ಸ್ವಲ್ಪ ಹೊತ್ತು ನಿಷೇಧ ಹಾಕಿದ್ರೆ ಒಳ್ಳೇದು. ಹಾರ್ವರ್ಡ್‌ನ ರಿಚರ್ಡ್ ಎಲ್ಮೋರ್ ಮತ್ತವರ ಜೊತೆಗಾರರು ಡಾಕ್ಟರ್‌ಗಳ ರೌಂಡ್ಸ್ ಮಾದರಿಯಲ್ಲಿ ಕ್ಲಾಸ್ ನೋಡೋ ಕ್ರಮ ರೂಪಿಸಿದಾಗ ಇದನ್ನೇ ನಿಯಮ ಮಾಡಿದ್ರು, ಮೊದಲು ಕಂಡದ್ದನ್ನ ಹೇಳಿ, ತೀರ್ಪು ಆಮೇಲೆ. "ಮಕ್ಕಳಿಗೆ ಆಸಕ್ತಿ ಇರಲಿಲ್ಲ" ಅನ್ನೋದು ತೀರ್ಪು. "ಕಿಟಕಿ ಪಕ್ಕದ ಹುಡುಗ ಪ್ರಶ್ನೆ ಬರ್ಕೊಂಡ, ನಾಲ್ಕು ನಿಮಿಷ ಏನೂ ಬರೀಲಿಲ್ಲ, ಪಕ್ಕದವನು ಬರೆದ ಮೇಲೆ ಕಾಪಿ ಮಾಡ್ದ" ಇದು ಕಂಡದ್ದು. ಕೇಳೋಕೆ ಸುಲಭ, ಪ್ರಯತ್ನ ಮಾಡಿ ನೋಡಿ, ಎಷ್ಟು ಕಷ್ಟ ಅಂತ ತಿಳಿಯುತ್ತೆ, ನಮಗೆಲ್ಲ ತೀರ್ಪು ಕೊಟ್ಟೇ ಅಭ್ಯಾಸ.

ಇಪ್ಪತ್ತನಾಲ್ಕು ವರ್ಷದ ಸರ್ವಿಸಲ್ಲಿ ಎಲ್ಲಾ ಥರದ ಟ್ರೇನಿಂಗ್ ನೋಡಿದೀನಿ. ಚಾರ್ಟ್ ಬರೆಸಿದ್ದಾಯ್ತು, ಚಪ್ಪಾಳೆ ಆಟ ಆಡಿಸಿದ್ದಾಯ್ತು. ನಿಮ್ಮದು ಹೊಸ ಬಾಟಲಿ ಅಷ್ಟೇ. ಇದರಿಂದ ಮಕ್ಕಳಿಗೆ ಲಾಭ ಆಗಿದೆ ಅಂತ ಪುರಾವೆ ಏನಾದ್ರೂ ಇದೆಯಾ, ಸುಮ್ನೆ ಹೇಳ್ತೀರೋ?
– ಹಿರಿಯ ಶಿಕ್ಷಕ

ಸರ್, ನಿಮ್ಮ ಪತ್ರ ನನಗೆ ಇಷ್ಟ ಆಯ್ತು. ಪುರಾವೆ ನಿಮ್ಮ ಕಡೆನೂ ಇದೆ ನನ್ನ ಕಡೆನೂ ಇದೆ.

ನಿಮ್ಮ ಕಡೆಯದು ಮೊದಲು. ಅಮೆರಿಕದಲ್ಲಿ 2007ರಲ್ಲಿ ಯೂನ್ ಅನ್ನೋರು ಮತ್ತವರ ತಂಡ ಶಿಕ್ಷಕರ ತರಬೇತಿ ಬಗ್ಗೆ ಬಂದ 1,300ಕ್ಕೂ ಹೆಚ್ಚು ಅಧ್ಯಯನ ಜಾಲಾಡಿದ್ರು, ಮಕ್ಕಳ ಕಲಿಕೆ ಮೇಲಿನ ಪರಿಣಾಮವನ್ನ ನಂಬೋ ಹಾಗೆ ಅಳೆದಿದ್ದು ಬರೀ ಒಂಬತ್ತು ಸಿಕ್ತು. ಒಂಬತ್ತು! ಆ ಒಂಬತ್ತರಲ್ಲಿ, 14 ಗಂಟೆ ಅಥವಾ ಅದಕ್ಕಿಂತ ಕಮ್ಮಿ ನಡೆದ ತರಬೇತಿಗಳಲ್ಲಿ ಗಣನೀಯ ಲಾಭ ಕಾಣಲಿಲ್ಲ. ಅಂದ್ರೆ ವರ್ಷಕ್ಕೊಂದು ದಿನ ಕರೆದು ಕೂರಿಸಿ ಕಳಿಸೋದು ವ್ಯರ್ಥ ಅಂತ ನೀವು ಅಂದ್ಕೊಂಡಿರೋದು ಸರಿಯಾಗೇ ಇದೆ. ಆದ್ರೆ ಅದೇ ವರದಿ ಇನ್ನೊಂದು ಮಾತೂ ಹೇಳುತ್ತೆ, ಆ ಒಂಬತ್ತರಲ್ಲಿ ಟೀಚರ್‌ಗಳಿಗೆ ಸಿಕ್ಕ ಸರಾಸರಿ ಸಮಯ 49 ಗಂಟೆ, ಅಷ್ಟು ಸಿಕ್ಕಾಗ ಸಾಧಾರಣ ವಿದ್ಯಾರ್ಥಿಯ ಸ್ಥಾನ ಸುಮಾರು 21 ಪರ್ಸೆಂಟೈಲ್ (ನೂರು ಮಕ್ಕಳ ಸಾಲಲ್ಲಿ 21 ಜಾಗ ಅಂದ್ಕೊಳ್ಳಿ) ಮೇಲಕ್ಕೆ ಹೋಗೋ ಅಂದಾಜು ಬಂತು. ಒಂಬತ್ತೇ ಅಧ್ಯಯನ, ಎಲ್ಲವೂ ಪ್ರಾಥಮಿಕ ಹಂತದವು, ಹಾಗಾಗಿ ಆ ಸಂಖ್ಯೆಯನ್ನ ಬ್ಯಾನರ್ ಮಾಡಿ ನೇತು ಹಾಕೋಕೆ ನಾನು ಹೇಳಲ್ಲ.

ಅದಕ್ಕೂ ಮುಂಚೆ 2001ರಲ್ಲಿ ಮೈಕಲ್ ಗ್ಯಾರೆಟ್ ಮತ್ತೆ ಸಂಗಡಿಗರು 1,027 ಗಣಿತ, ವಿಜ್ಞಾನ ಟೀಚರ್‌ಗಳನ್ನ ಕೇಳಿದ್ರು, ಯಾವ ಥರದ ತರಬೇತಿಯಿಂದ ನಿಮ್ಮ ಪಾಠ ಬದಲಾಯ್ತು ಅಂತ. ವಿಷಯದ ಒಳಗೇ ಇಳಿದದ್ದು, ಕೈಯಾರೆ ಮಾಡಿಸಿದ್ದು, ತಾವು ಮಾಡ್ತಿರೋ ಸಿಲಬಸ್ಸಿಗೆ ಹೊಂದಿದ್ದು, ಹೆಚ್ಚು ಕಾಲ ನಡೆದದ್ದು, ಒಂದೇ ಶಾಲೆಯ ಇಲ್ಲಾ ಒಂದೇ ವಿಷಯದ ಟೀಚರ್‌ಗಳು ಗುಂಪಾಗಿ ಹೋದದ್ದು, ಇಂಥವೇ ಮೇಲೆ ಬಂದ್ವು. ಚಪ್ಪಾಳೆ ಆಟ ಈ ಪಟ್ಟಿಯಲ್ಲಿ ಇಲ್ಲ, ನೋಡಿ.

ಇನ್ನು ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ 1980ರ ದಶಕದಿಂದ ಹೇಳ್ತಾ ಬಂದದ್ದು ನಿಮ್ಮ ಅನುಭವಕ್ಕೂ ಹೊಂದುತ್ತೆ. ಕೇಳಿದ್ರೆ ತಿಳಿಯುತ್ತೆ, ಮಾಡಿ ತೋರಿಸಿದ್ರೆ ಇನ್ನೂ ಚೆನ್ನಾಗಿ ತಿಳಿಯುತ್ತೆ, ಆದ್ರೆ ವಾಪಸ್ ಶಾಲೆಗೆ ಹೋದ ಮೇಲೆ ಪಕ್ಕದಲ್ಲಿ ನಿಂತು ನೋಡಿ ಹೇಳೋರು ಯಾರಾದ್ರೂ ಇಲ್ದಿದ್ರೆ ಕ್ಲಾಸಲ್ಲಿ ಅದು ಇಳಿಯೋದು ತೀರಾ ಕಮ್ಮಿ. ಈಜು ಕಲಿಸೋ ಪುಸ್ತಕ ಓದಿ ದಡದ ಮೇಲೆ ಕೈಕಾಲು ಆಡಿಸಿ ಮನೆಗೆ ಹೋದ ಹಾಗೆ. ನಿಮ್ಮ ಇಪ್ಪತ್ತನಾಲ್ಕು ವರ್ಷದ ತರಬೇತಿಯಲ್ಲಿ ಆ ಭಾಗ ಯಾವತ್ತಾದ್ರೂ ಇತ್ತಾ? ಇರಲಿಲ್ಲ ಅಂದ್ರೆ ನೀವು ನೋಡಿರೋದು ಅರ್ಧ ತರಬೇತಿ, ಅದೂ ಪದೇ ಪದೇ ಅದೇ ಅರ್ಧ.

ಶಾಂಘೈ ಶಾಲೆಗಳ ಉದಾಹರಣೆ ತುಂಬಾ ಜನ ಕೊಡ್ತಾರೆ. ಅಲ್ಲಿ 1950ರ ದಶಕದಿಂದಲೂ ವಿಷಯವಾರು ಟೀಚರ್ ಗುಂಪುಗಳು ಸೇರಿ ಪಾಠ ತಯಾರಿ ಮಾಡೋದು, ಒಬ್ಬರ ಕ್ಲಾಸ್ ಒಬ್ಬರು ನೋಡೋದು ಕೆಲಸದ ಭಾಗವೇ ಆಗಿದೆ, ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಯೋ ಪಿಸಾ ಪರೀಕ್ಷೆಯಲ್ಲಿ 2009 ಮತ್ತೆ 2012ರಲ್ಲಿ ಶಾಂಘೈ ಮೊದಲು ಬಂದಿದ್ದೂ ನಿಜ. ಆದ್ರೆ ಮೊದಲ ಸ್ಥಾನಕ್ಕೆ ಅದೊಂದೇ ಕಾರಣ ಅನ್ನೋಕಾಗಲ್ಲ, ಅಲ್ಲಿ ಟ್ಯೂಷನ್ನು, ಮನೆಯವರ ಒತ್ತಡ, ಎಲ್ಲಾ ಇದೆ. ನಾನು ಅದರಿಂದ ತಗೊಳ್ಳೋದು ಒಂದೇ: ಗುಂಪಲ್ಲಿ ಕೂರೋಕೆ ಅಲ್ಲಿ ಟೈಮ್‌ಟೇಬಲ್‌ನಲ್ಲೇ ಜಾಗ ಇದೆ.

ನಮ್ಮ ಶಾಲೆಗೆ ಸಂಗೀತಕ್ಕೆ ನಾನೊಬ್ಬಳೇ. ಜಂಟಿ ದಿನದಲ್ಲಿ ನನ್ನನ್ನ ಯಾವಾಗಲೂ ಪ್ರಾರ್ಥನೆ ಹಾಡೋಕೆ ಕರೀತಾರೆ, ಆಮೇಲೆ ಸಮಾಜ ವಿಜ್ಞಾನದ ಗುಂಪಲ್ಲಿ ಕೂರಿಸ್ತಾರೆ.

ಇದನ್ನ ಓದಿ ನಗೋದೋ ಅಳೋದೋ! ಜಂಟಿ ದಿನದ ಅಗತ್ಯ ಅತಿ ಹೆಚ್ಚು ಇರೋದೇ ನಿಮ್ಮಂಥವರಿಗೆ. ಗಣಿತದವರಿಗೆ ಸ್ವಂತ ಶಾಲೆಯಲ್ಲಿ ಒಬ್ಬ ಜೊತೆಗಾರ ಸಿಗಬಹುದು, ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣ, ವಿಶೇಷ ಮಕ್ಕಳ ಟೀಚರ್, ಲೈಬ್ರರಿಯನ್ ಇವರಿಗೆ ಶಾಲೆಯಾಚೆನೇ ಹುಡುಕ್ಬೇಕು. ಉಳಿದ ಶಾಲೆಗಳ ಸಂಗೀತ ಟೀಚರ್‌ಗಳ ಪಟ್ಟಿ ನೀವೇ ಮಾಡಿ, ನಾಲ್ಕು ಜನ ಆದ್ರೂ ಸಾಕು, ನಮಗೊಂದು ರೂಮ್ ಕೊಡಿ ಅಂತ ಬರೆದು ಕೊಡಿ. ನಾಲ್ಕು ಜನಕ್ಕೆ ಒಂದು ಪ್ರಶ್ನೆ ಇಟ್ಕೊಳ್ಳಿ, ಶ್ರುತಿ ಸೇರದ ಮಗುವನ್ನ ನಲವತ್ತು ಜನರ ಕ್ಲಾಸಲ್ಲಿ ಅವಮಾನ ಆಗದ ಹಾಗೆ ಹೇಗೆ ತಿದ್ದೋದು ಅಂತ. ಒಬ್ಬೊಬ್ಬರು ಎರಡು ನಿಮಿಷದ ರೆಕಾರ್ಡಿಂಗ್ ತಂದ್ರೆ ಇಡೀ ಬೆಳಿಗ್ಗೆ ಅದರಲ್ಲೇ ಹೋಗುತ್ತೆ. ಪ್ರಾರ್ಥನೆಯನ್ನ ಈ ಸಲ ಸಮಾಜ ವಿಜ್ಞಾನದವರು ಹಾಡಲಿ.

ಟೀಚರ್ಸ್‌ಗೆ ಟ್ರೇನಿಂಗ್ ಅಂತ ಮಕ್ಕಳಿಗೆ ರಜೆ. ಕೆಲಸಕ್ಕೆ ಹೋಗೋ ನಾವು ಮಕ್ಕಳನ್ನ ಎಲ್ಲಿ ಬಿಡ್ಬೇಕು? ಇದನ್ನೆಲ್ಲ ಬೇಸಿಗೆ ರಜೆಯಲ್ಲಿ ಮಾಡ್ಕೊಳ್ಳೋಕೆ ಏನು?
– ಒಬ್ಬ ತಾಯಿ

ನಿಮ್ಮ ಕಷ್ಟ ನ್ಯಾಯವಾದದ್ದು, ಅದಕ್ಕೆ ವರ್ಷದ ಶುರುವಲ್ಲೇ ತಾರೀಖು ಹೇಳ್ಬೇಕಾದ್ದು ಶಾಲೆ ಕರ್ತವ್ಯ, ಹಿಂದಿನ ದಿನ ಡೈರಿಯಲ್ಲಿ ಬರೆದು ಕಳಿಸೋದಲ್ಲ. ಇಂಗ್ಲೆಂಡಲ್ಲಿ 1980ರ ದಶಕದ ಕೊನೆಗೆ ಕೆನೆತ್ ಬೇಕರ್ ಶಿಕ್ಷಣ ಮಂತ್ರಿ ಆಗಿದ್ದಾಗ ಒಂದು ವ್ಯವಸ್ಥೆ ಬಂತು: ಟೀಚರ್‌ಗಳಿಗೆ ವರ್ಷಕ್ಕೆ 195 ದಿನ ಕೆಲಸ, ಮಕ್ಕಳಿಗೆ 190 ದಿನ ಶಾಲೆ, ನಡುವಿನ ಐದು ದಿನ ಟೀಚರ್‌ಗಳ ಕಲಿಕೆಗೆ. ಜನ ಅದಕ್ಕೆ ಬೇಕರ್ ಡೇ ಅಂತಲೇ ಹೆಸರಿಟ್ರು. ಹೀಗೆ ಲೆಕ್ಕ ಮೊದಲೇ ಹಾಕಿದ್ರೆ ಮಕ್ಕಳ ಪಾಠದ ದಿನ ಕಮ್ಮಿ ಆಗಲ್ಲ. ಬೇಸಿಗೆ ರಜೆಯಲ್ಲೇ ಎಲ್ಲಾ ಮುಗಿಸೋಕೆ ಯಾಕಾಗಲ್ಲ ಅಂದ್ರೆ, ಕಲಿತದ್ದನ್ನ ಮಾರನೇ ವಾರ ಮಾಡಿ ನೋಡೋಕೆ ಎದುರಿಗೆ ಮಕ್ಕಳು ಇರ್ಬೇಕು. ಎರಡು ತಿಂಗಳು ಕಳೆದ ಮೇಲೆ ಯಾರಿಗೆ ನೆನಪಿರುತ್ತೆ.

ನಮ್ಮ ಗುಂಪಿನ ಶಾಲೆಗಳಲ್ಲೇ ಒಳಗೊಳಗೆ ಪೈಪೋಟಿ. ರಿಸಲ್ಟ್ ಬಂದ ದಿನ ಮ್ಯಾನೇಜ್‌ಮೆಂಟು ಐದೂ ಶಾಲೆಯ ಪರ್ಸೆಂಟೇಜ್ ಬೋರ್ಡ್ ಮೇಲೆ ಬರೆದು ಹೋಲಿಸ್ತಾರೆ. ಅದೇ ಮ್ಯಾನೇಜ್‌ಮೆಂಟು ಜಂಟಿ ದಿನದಲ್ಲಿ ಮನಸ್ಸು ಬಿಚ್ಚಿ ಮಾತಾಡಿ ಅಂತಾರೆ. ಬಿಚ್ಚೋದು ಹೇಗೆ?

ಬಿಚ್ಚೋಕಾಗಲ್ಲ, ಮತ್ತೆ ಅದು ಟೀಚರ್‌ಗಳ ಸಣ್ಣತನ ಅಲ್ಲ. "ನನ್ನ ಕ್ಲಾಸಲ್ಲಿ ಅರ್ಧ ಜನಕ್ಕೆ ಭಾಗಾಕಾರ ಬರಲ್ಲ" ಅಂತ ಬಾಯಿ ಬಿಟ್ಟು ಹೇಳಿದ್ದು ಮುಂದಿನ ಮೀಟಿಂಗ್‌ನಲ್ಲಿ ತಿರುಗಿ ಬರುತ್ತೆ ಅಂತ ಗೊತ್ತಿದ್ರೆ ಯಾರು ಹೇಳ್ತಾರೆ? ಎಲ್ಲರೂ ತಮ್ಮ ಅತ್ಯುತ್ತಮ ಪ್ರಾಜೆಕ್ಟ್‌ನ ಫೋಟೋ ತರ್ತಾರೆ, ಪಿಪಿಟಿ ಹಾಕ್ತಾರೆ, ಚಪ್ಪಾಳೆ ಬೀಳುತ್ತೆ. ಆಂಡಿ ಹಾರ್‌ಗ್ರೀವ್ಸ್ ಅನ್ನೋ ಶಿಕ್ಷಣ ತಜ್ಞ ಮೇಲಿನವರ ಹುಕುಂ ಮೇಲೆ ನಡೆಯೋ ಇಂಥ ಒಗ್ಗಟ್ಟನ್ನ ಕೃತಕ ಸಹೋದ್ಯೋಗ ಅಂತ ಕರೆದು ದಶಕಗಳೇ ಆಯ್ತು, ನೋಡೋಕೆ ಎಲ್ಲಾ ಸೇರಿದ್ದಾರೆ, ಕೆಲಸದಲ್ಲಿ ಯಾರೂ ಸೇರಿಲ್ಲ.

ಮ್ಯಾನೇಜ್‌ಮೆಂಟ್‌ಗೆ ಹೇಳ್ಬೇಕಾದ್ದು ಇಷ್ಟು. ಗುಂಪಿನೊಳಗೆ ಬಂದ ಮಕ್ಕಳ ಪತ್ರಿಕೆ, ನೋಡಿದ ಪಾಠದ ಟಿಪ್ಪಣಿ ಯಾವುದೂ ಬಡ್ತಿಗೆ, ಇನ್‌ಕ್ರಿಮೆಂಟಿಗೆ, ವರ್ಗಾವಣೆಗೆ ಬಳಸಲ್ಲ ಅಂತ ಬರವಣಿಗೆಯಲ್ಲಿ ಕೊಡಿ. ಗುಂಪುಗಳಿಂದ ವರದಿ ಬೇಕು ಅಂದ್ರೆ ಶಾಲೆ ಹೆಸರಿಲ್ಲದೆ "ಈ ಪಾಠದಲ್ಲಿ ಮಕ್ಕಳು ಇಲ್ಲಿ ಎಡವ್ತಾರೆ, ನಾವು ಹೀಗೆ ಮಾಡಿ ನೋಡ್ತಿದೀವಿ" ಅಂತ ಒಂದು ಪುಟ ಸಾಕು. ಬೋರ್ಡ್ ಮೇಲೆ ಪರ್ಸೆಂಟೇಜ್ ಬರೆಯೋದನ್ನ ನಿಲ್ಸಿ ಅಂತಲೂ ಹೇಳಬಹುದು, ಕೇಳ್ತಾರೆ ಅನ್ನೋ ಭರವಸೆ ನನಗೂ ಇಲ್ಲ.

ಕೆಳಗಿನಿಂದ ಮಾಡೋಕೆ ಆಗೋದೂ ಒಂದಿದೆ. ಇಬ್ಬರೇ ಶುರು ಮಾಡಿ, ನೀವು ಮತ್ತೆ ಇನ್ನೊಂದು ಶಾಲೆಯ ನಿಮಗೆ ನಂಬಿಕೆ ಇರೋ ಒಬ್ಬರು. ಯೂನಿಟ್ ಟೆಸ್ಟ್ ಪತ್ರಿಕೆ ಸೇರಿ ಮಾಡಿ, ಅದಲು ಬದಲು ಮಾಡ್ಕೊಂಡು ತಿದ್ದಿ. ಮುಂದಿನ ಜಂಟಿ ದಿನಕ್ಕೆ ಇಬ್ಬರೂ ಸೇರಿ ಒಂದು ಸೋತ ಪಾಠ ತಗೊಂಡು ಹೋಗಿ ಮೊದಲು ಅದನ್ನೇ ಇಡಿ. ಒಬ್ಬರು ಸೋಲನ್ನ ಮೇಜಿನ ಮೇಲಿಟ್ರೆ ಎರಡನೆಯವರಿಗೆ ಮಾತಾಡೋದು ಎಷ್ಟೋ ಸಲೀಸು.

ದಿನದ ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಕೊಡ್ತೀವಿ, ಎಲ್ಲರೂ ಎಕ್ಸಲೆಂಟ್ ಅಂತ ಬರೆದಿರ್ತಾರೆ. ಅದು ಸಾಕಲ್ವಾ?

ಬಸ್ ಹಿಡಿಯೋ ಅವಸರದಲ್ಲಿ ತುಂಬಿಸಿದ ಫಾರ್ಮಲ್ಲಿ ಎಕ್ಸಲೆಂಟ್ ಬಿಟ್ಟು ಬೇರೆ ಏನು ಬರುತ್ತೆ, ಟಿಕ್ ಹಾಕೋಕೆ ಅದೇ ಮೊದಲ ಕಾಲಂ. ಊಟ ಹೇಗಿತ್ತು, ಹಾಲ್‌ನಲ್ಲಿ ಫ್ಯಾನ್ ಇತ್ತಾ ಅನ್ನೋದಕ್ಕೆ ಆ ಫಾರ್ಮ್ ಇಟ್ಕೊಳ್ಳಿ. ನಿಜವಾದ ಪ್ರಶ್ನೆಯನ್ನ ನಾಲ್ಕು ವಾರ ಬಿಟ್ಟು ಕೇಳಿ: ಆವತ್ತು ಒಪ್ಕೊಂಡಿದ್ದ ಪಾಠ ಮಾಡಿದ್ರಾ, ಮಾಡಿದಾಗ ಮಕ್ಕಳು ಏನು ಬರೆದ್ರು, ತೋರಿಸಿ. ಮೊದಲು ಕೊಟ್ಟಿದ್ದ ಅದೇ ಪ್ರಶ್ನೆಯನ್ನ ಸ್ವಲ್ಪ ಬದಲಾಯಿಸಿ ಮತ್ತೆ ಕೊಟ್ರೆ ಎರಡೂ ಪೇಪರ್ ಪಕ್ಕಪಕ್ಕ ಇಟ್ಟು ನೋಡಬಹುದು, ಅದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಮಾಡೋಕಾಗಲಿಲ್ಲ ಅಂದೋರನ್ನ ಬೈಬೇಡಿ, ಯಾಕಾಗಲಿಲ್ಲ ಅಂತ ಕೇಳಿ, ಪೋರ್ಷನ್ ಮುಗಿಸೋ ಒತ್ತಡ ಅಂತ ಹತ್ತರಲ್ಲಿ ಎಂಟು ಜನ ಅಂದ್ರೆ ನೀವು ಸರಿಪಡಿಸ್ಬೇಕಾದ್ದು ಟೈಮ್‌ಟೇಬಲ್ಲು.

ಆನ್‌ಲೈನಲ್ಲಿ ಮಾಡಿದ್ರೆ ಓಡಾಟ ಉಳಿಯುತ್ತಲ್ಲ?

ಮೊದಲ ಭೇಟಿ ಎದುರಾಎದುರೇ ಆಗಲಿ. ಪರಿಚಯ ಆದ ಮೇಲೆ ನಡುನಡುವಿನ ಒಂದು ಗಂಟೆ ಮಾತುಕತೆಗೆ ಆನ್‌ಲೈನ್ ಚೆನ್ನಾಗೇ ಆಗುತ್ತೆ, ಎಂಟು ಜನಕ್ಕಿಂತ ಜಾಸ್ತಿ ಬೇಡ, ಕ್ಯಾಮೆರಾ ಆಫ್ ಮಾಡ್ಕೊಂಡು ಕರೆಕ್ಷನ್ ಮಾಡ್ತಾ ಕೂರ್ತಾರೆ.

ಹೋದ ವರ್ಷ ಜಂಟಿ ದಿನ ಆದ್ಮೇಲೆ ವಾಟ್ಸಾಪ್ ಗ್ರೂಪ್ ಮಾಡಿದ್ವಿ. ಈಗ ಅದರಲ್ಲಿ ಶುಭೋದಯ, ಹುಟ್ಟುಹಬ್ಬ, ಸುತ್ತೋಲೆ ಬಿಟ್ರೆ ಬೇರೇನೂ ಬರಲ್ಲ.

ಎಲ್ಲಾ ಗ್ರೂಪಿನ ಹಣೆಬರಹ ಅದೇ. ಶುಭೋದಯಕ್ಕೆ ಅದನ್ನೇ ಬಿಟ್ಕೊಡಿ, ಪಾಪ, ಇರಲಿ. ನಿಮ್ಮ ವಿಷಯದ ಆರೇಳು ಜನರದ್ದು ಬೇರೆ ಗ್ರೂಪ್ ಮಾಡಿ, ವಾರಕ್ಕೊಬ್ಬರ ಸರದಿ, ಒಂದು ಮಗುವಿನ ಒಂದು ಉತ್ತರದ ಫೋಟೋ, ಕೆಳಗೆ "ಈ ಮಗು ಏನು ಯೋಚನೆ ಮಾಡಿರಬಹುದು?" ಅಂತ ಒಂದೇ ಸಾಲು. ಹೆಸರು ಕಾಣದ ಹಾಗೆ ಫೋಟೋ ತೆಗೀರಿ.

ನಾನು ಎಚ್‌ಎಂ. ನಮ್ಮ ಗುಂಪಿನ ನಾಲ್ಕು ಶಾಲೆಗೆ ಈ ವರ್ಷ ಒಂದೇ ಒಂದು ದಿನ ಸ್ಯಾಂಕ್ಷನ್ ಆಗಿದೆ. ಅದಕ್ಕಿಂತ ಹೆಚ್ಚು ಎಲ್ಲಿಂದ ತರಲಿ ಮೇಡಂ? ಆ ಒಂದು ದಿನದಲ್ಲಿ ಏನು ಮಾಡೋಕಾಗುತ್ತೆ ಅಷ್ಟು ಹೇಳಿ.

ಆ ಒಂದು ದಿನವನ್ನ ಒಡೆದು ಎರಡು ಅರ್ಧ ದಿನ ಮಾಡೋಕೆ ಅನುಮತಿ ತಗೊಳ್ಳಿ, ಇದಕ್ಕೆ ಎಕ್ಸ್‌ಟ್ರಾ ದುಡ್ಡೇನೂ ಬೇಕಾಗಲ್ಲ. ನಡುವೆ ಐದಾರು ವಾರ ಗ್ಯಾಪ್ ಇರಲಿ. ಮೊದಲ ಅರ್ಧ ದಿನ ಮಕ್ಕಳ ಪತ್ರಿಕೆ ನೋಡಿ ಒಂದೇ ಒಂದು ಪಾಠ ಸೇರಿ ತಯಾರು ಮಾಡ್ಲಿ. ಗ್ಯಾಪಲ್ಲಿ ಪ್ರತಿಯೊಬ್ಬರೂ ಅದನ್ನ ತಮ್ಮ ಕ್ಲಾಸಲ್ಲಿ ಮಾಡ್ಲಿ, ಆಗ ನೀವು ನಾಲ್ಕು ಎಚ್‌ಎಂಗಳು ಒಂದು ಕೆಲಸ ಮಾಡ್ಕೊಡ್ಬೇಕು: ಪ್ರತಿ ಟೀಚರ್ ಒಂದು ಸಲವಾದ್ರೂ ಇನ್ನೊಬ್ಬರು ಆ ಪಾಠ ಮಾಡೋದನ್ನ ನೋಡೋ ಹಾಗೆ ಒಂದೊಂದು ಪೀರಿಯಡ್ ಬಿಡಿಸಿ ಕೊಡೋದು, ಅವರ ಕ್ಲಾಸಿಗೆ ಬೇರೆ ಯಾರೂ ಸಿಗ್ಲಿಲ್ಲ ಅಂದ್ರೆ ನೀವೇ ಹೋಗಿ. ಎರಡನೇ ಅರ್ಧ ದಿನ ಹೊಸ ಪತ್ರಿಕೆಗಳನ್ನ ಹಳೇ ಪತ್ರಿಕೆ ಪಕ್ಕ ಇಟ್ಟು ಮಾತಾಡ್ಲಿ. ಎಲ್ಲಾ ವಿಷಯಕ್ಕೂ ಈ ವರ್ಷವೇ ಮಾಡೋಕೆ ಹೋಗ್ಬೇಡಿ, ಒಂದು ವಿಷಯ ಆರ್ಸಿ, ಯಾವುದರ ಟೀಚರ್‌ಗಳು ಒಪ್ತಾರೋ ಅದು. ಗಂಟೆ ಲೆಕ್ಕ ಹಾಕಿದ್ರೆ ತಯಾರಿ, ನೋಡಿದ್ದು, ಎರಡು ಅರ್ಧ ದಿನ ಎಲ್ಲಾ ಸೇರಿ ಹನ್ನೆರಡು ಹದಿಮೂರರ ಹತ್ರ ಬರಬಹುದು, 14 ದಾಟೋಕೆ ಇನ್ನೊಂದೆರಡು ಸಂಜೆ ಆನ್‌ಲೈನ್ ಕೂತ್ರೆ ಆಯ್ತು. ತಾರೀಖು ಎರಡನ್ನೂ ಈಗಲೇ ಕ್ಯಾಲೆಂಡರಿಗೆ ಹಾಕಿ, ಪರೀಕ್ಷೆ ವಾರ ತಪ್ಪಿಸಿ.